ಕುದುರೆ ಮೇಲಿದ್ದವನು, ನಡೆದು ಹೋದವನು

ಗುಡ್ನಾಪುರಕ್ಕೆ ನಾನು ಹೋಗಿದ್ದು ಕದಂಬರ ಶಾಸನದ ಬಗ್ಗೆ ಒಂದು ಕಾರ್ಯಕ್ರಮದ ಶೂಟಿಂಗಿಗೆ. ಬೆಂಗಳೂರಿನಿಂದ ಚಾನೆಲ್ಲಿನ ಕಾರು, ಏಸಿ, ಡ್ರೈವರ್, ಡಿಕ್ಕಿಯಲ್ಲಿ ಕ್ಯಾಮೆರಾ ಸಾಮಾನು. ಬನವಾಸಿ ದಾಟಿ ಒಂದೈದಾರು ಕಿಲೋಮೀಟರ್ ಹೋದರೆ ದೊಡ್ಡ ಕೆರೆ, ಅದರ ದಂಡೆಯ ಮೇಲೆ ಊರು. ಕ್ಯಾಮೆರಾದವನು ಬೆಳಕು ನೋಡ್ತಾ ನಿಂತಿದ್ದ. ನಾನು ಬಸ್ಸು ನಿಲ್ಲುವ ಜಾಗದಲ್ಲಿ ಸುಮ್ಮನೆ ನಿಂತೆ. ಅಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಒಂದು ಬಟ್ಟೆ ಚೀಲ. ನನ್ನ ಮುಖ ಎರಡು ಸಲ ನೋಡಿದಳು.

"ಟಿವಿಲಿ ಬಯ್ತೀರಲ್ಲ, ನೀವೇ ಅಲ್ವಾ?"

"ಯಾರಿಗೆ ಬೈದೆ ಅಮ್ಮಾ?"

"ನಮಗೇ. ಬಸ್ಸಲ್ಲಿ ತಿರುಗೋ ಹೆಂಗಸ್ರಿಗೆ."

ಬೈದದ್ದು ನಿಜ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಆ ವಾರ ಸ್ಟುಡಿಯೋದಲ್ಲಿ ಕೂತು ನಾನು ಹೇಳಿದ್ದೆ: ಕೆಲಸ ಇಲ್ಲದವರೂ ಬಸ್ಸು ಹತ್ತಿ ಊರೂರು ಸುತ್ತುತ್ತಾರೆ, ದುಡ್ಡು ಕೊಡೋರು ಯಾರು ಅಂತ. ಆವತ್ತು ನನಗೆ ಅದು ಬರೀ ಲೆಕ್ಕದ ಪ್ರಶ್ನೆ. ಟಿಕೆಟ್ ರೇಟು, ಡೀಸೆಲ್ ರೇಟು, ಸರ್ಕಾರದ ಖಜಾನೆ. ಮನುಷ್ಯ ಯಾವುದರಲ್ಲಿ ಹೋಗುತ್ತಾನೆ ಅನ್ನೋದನ್ನ ದುಡ್ಡು ಮತ್ತು ದೂರ ತೀರ್ಮಾನ ಮಾಡುತ್ತವೆ ಅಂತ ನಂಬಿದ್ದೆ. ಅಜ್ಜಿ ಎದುರಿಗೆ ಉತ್ತರ ಹೊಳೆಯದೆ "ಶಾಸನ ನೋಡೋಕೆ ಬಂದೆ" ಅಂತ ಹೇಳಿ ಜಾರಿಕೊಂಡೆ. ತಮಾಷೆ ನೋಡಿ, ಅಜ್ಜಿಗೆ ಕೊಡಬೇಕಾಗಿದ್ದ ಉತ್ತರ ಆ ಶಾಸನದ ಕಥೆಯಲ್ಲೇ ಇತ್ತು.

ಗುಡ್ನಾಪುರದ ಶಾಸನವನ್ನು ಬರೆಸಿದವನು ಕದಂಬ ದೊರೆ ರವಿವರ್ಮ. ಕಾಲ ಐದನೇ ಶತಮಾನದ ಕೊನೆ, ಆರನೆಯದರ ಶುರು. 1970ರ ದಶಕದ ಆರಂಭದಲ್ಲಿ ಇದನ್ನು ಬೆಳಕಿಗೆ ತಂದವರು ಡಾ. ಬಿ.ಆರ್. ಗೋಪಾಲ್. ಕಂಬದ ಮೇಲೆ ಸಂಸ್ಕೃತದಲ್ಲಿ ಬರೆದ ಸಾಲುಗಳು. ಮನ್ಮಥನಿಗೆ ಕಟ್ಟಿಸಿದ ಗುಡಿ, ಪಕ್ಕದಲ್ಲಿ ಅರಮನೆ, ನೃತ್ಯಶಾಲೆ, ಕೆರೆ, ಗದ್ದೆ, ಎಲ್ಲದರ ವಿವರ ಇದೆ. ಕಾಮ ಜಿನಾಲಯ ಅಂತ ಕರೆದಿದ್ದಾರೆ. ಅದು ಕಾಮನದ್ದೋ ಜೈನರದ್ದೋ ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ, ಆಡಲಿ. ನನಗೆ ಬೇಕಾದದ್ದು ವಂಶಾವಳಿಯ ಭಾಗ. ಕದಂಬ ವಂಶದ ಮೊದಲಿಗ ಮಯೂರಶರ್ಮನ ಅಜ್ಜನ ಹೆಸರು ವೀರಶರ್ಮ, ಅಪ್ಪನ ಹೆಸರು ಬಂಧುಷೇಣ ಅಂತ ನಮಗೆ ಸ್ಪಷ್ಟವಾಗಿ ತಿಳಿದದ್ದು ಈ ಕಂಬದಿಂದ. ಶಿಕಾರಿಪುರ ತಾಲೂಕಿನ ತಾಳಗುಂದ ಶಾಸನ ವೀರಶರ್ಮನನ್ನು ಗುರು ಅಂತ ಮಾತ್ರ ಹೇಳಿತ್ತು. ಇಬ್ಬರನ್ನೂ ಸೇರಿಸಿ ನೋಡಿದರೆ ಚಿತ್ರ ಬರುತ್ತದೆ: ಒಬ್ಬ ಮುದುಕ, ಅವನ ಜೊತೆ ಮೊಮ್ಮಗ, ಇಬ್ಬರೂ ಓದಿಗಾಗಿ ಈ ಸೀಮೆಯಿಂದ ಕಾಂಚೀಪುರಕ್ಕೆ ಹೊರಟಿದ್ದಾರೆ. ನಾಲ್ಕನೇ ಶತಮಾನ. ಅವರು ಹೇಗೆ ಹೋದರು ಅಂತ ಶಾಸನ ಹೇಳುವುದಿಲ್ಲ. ಓದಲು ಹೊರಟ ವೈದಿಕ ಬ್ರಾಹ್ಮಣರು, ನಡೆದೇ ಹೋಗಿರಬೇಕು ಅಂತ ನನ್ನ ಊಹೆ.

ಕಾಂಚಿಯಲ್ಲಿ ಏನಾಯ್ತು? ತಾಳಗುಂದದ ಕಂಬದಲ್ಲಿ ಕುಬ್ಜ ಅನ್ನುವ ಕವಿ ಬರೆದಿಟ್ಟಿದ್ದಾನೆ. ಪಲ್ಲವರ ಕುದುರೆಯವನ ಜೊತೆ ಮಯೂರನಿಗೆ ದೊಡ್ಡ ಜಗಳ ಆಯಿತು, ಸಿಟ್ಟು ನೆತ್ತಿಗೇರಿತು. ಆ ಪದವನ್ನು ಕುದುರೆ ಸವಾರ ಅಂತ ಓದಬೇಕೋ, ಅಶ್ವಮೇಧಕ್ಕೆ ಸಂಬಂಧಿಸಿದ ಮಾತೋ ಅಂತ ಪಂಡಿತರಲ್ಲಿ ಒಮ್ಮತ ಇಲ್ಲ. ಬಹಳ ಜನ ಸವಾರ ಅಂತಲೇ ಓದಿದ್ದಾರೆ. ಆಮೇಲಿನದು ನಿಮಗೆ ಗೊತ್ತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು, ಶ್ರೀಪರ್ವತದ ಕಾಡು ಸೇರಿತು, ಬನವಾಸಿಯಲ್ಲಿ ಕದಂಬರ ರಾಜ್ಯ ಹುಟ್ಟಿತು.

ಈ ಕಥೆಯನ್ನು ಎಲ್ಲರೂ ಸ್ವಾಭಿಮಾನದ ಕಥೆಯಾಗಿ ಹೇಳುತ್ತಾರೆ. ನಾನೂ ಕ್ಯಾಮೆರಾ ಎದುರು ಹಾಗೇ ಹೇಳಿದೆ. ಆದರೆ ಆ ಅಜ್ಜಿ ಮಾತು ತಲೆಯಲ್ಲಿತ್ತಲ್ಲ, ಮೊದಲ ಸಲ ಇನ್ನೊಂದು ಕಣ್ಣಿನಿಂದ ನೋಡಿದೆ. ಕುದುರೆ ಮೇಲೆ ಕೂತವನ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ? ನೆಲದ ಮೇಲೆ ನಿಂತವನು ಅವನ ಮುಖ ನೋಡಬೇಕಾದರೆ ಕತ್ತು ಎತ್ತಬೇಕು. ಸವಾರ ಬಾಯಿಬಿಟ್ಟು ಬೈಯಬೇಕಾಗಿಯೇ ಇಲ್ಲ. ಆ ಎತ್ತರದಲ್ಲೇ ಅರ್ಧ ಬೈಗುಳ ಇದೆ. ಇವತ್ತು ಸಿಗ್ನಲ್ಲಿನಲ್ಲಿ ದೊಡ್ಡ ಎಸ್‌ಯುವಿಯವನು ಗ್ಲಾಸ್ ಇಳಿಸಿ ಸ್ಕೂಟರಿನವನನ್ನು ನೋಡುವ ನೋಟ ನೋಡಿ. ಬೇರೆ ಏನಾದರೂ ಇದೆಯಾ?

ವಾಹನ ಅನ್ನೋದು ಜಾಗದಿಂದ ಜಾಗಕ್ಕೆ ಹೋಗೋಕೆ ಅಂತ ನಾವು ಶಾಲೆಯಲ್ಲಿ ಓದಿದೆವು. ಹಾಗಾದರೆ ಅಡ್ಡಪಲ್ಲಕ್ಕಿ ಯಾವುದಕ್ಕೆ? ಪಲ್ಲಕ್ಕಿಯನ್ನು ದಾರಿಗೆ ಉದ್ದಕ್ಕೆ ಹೊತ್ತರೆ ಬೇಗ ಸಾಗುತ್ತದೆ. ಅಡ್ಡಲಾಗಿ ಹೊತ್ತರೆ ಬೀದಿಯೆಲ್ಲ ಅದಕ್ಕೇ ಬೇಕು, ಎದುರಿಗೆ ಬಂದವರು ಬದಿಗೆ ಸರಿಯಲೇಬೇಕು, ನಡಿಗೆ ಆಮೆಯದು. ಬೇಗ ಹೋಗಲಿಕ್ಕೆ ಅದಕ್ಕಿಂತ ಕೆಟ್ಟ ಉಪಾಯ ಇಲ್ಲ. ಆದರೂ ಅದನ್ನು ಗೌರವದ ತುದಿ ಅಂತ ಕೊಟ್ಟರು. ಯಾವ ಗುರುಗಳಿಗೆ ಅದರ ಹಕ್ಕು ಇದೆ ಅಂತ ಈ ನಾಡಿನಲ್ಲಿ ನಡೆದ ವಾದಗಳಿಗೆ ಲೆಕ್ಕ ಇಲ್ಲ, ಇವತ್ತಿಗೂ ನಿಂತಿಲ್ಲ.

ಏರುವವನ ಮನಸ್ಸು ಒಂದು ಕಡೆ. ಓಡಿಸುವವನ ಮನಸ್ಸೂ ಒಂದಿದೆ. 1929ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಚಾಳೀಸಗಾಂವ್‌ನಲ್ಲಿ ರೈಲು ಇಳಿದರು. ಆಗ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರು, ಡಾಕ್ಟರೇಟ್ ಪಡೆದವರು. ಅಲ್ಲಿನ ದಲಿತ ಕೇರಿಗೆ ಹೋಗಬೇಕು, ನಡೆದೇ ಹೋಗಬಹುದಾದ ದೂರ. ಟಾಂಗಾ ಇತ್ತು, ದುಡ್ಡೂ ಇತ್ತು, ಓಡಿಸುವವರು ಒಬ್ಬರೂ ಸಿಗಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸುವುದು ಟಾಂಗಾದವರ ಘನತೆಗೆ ಕಡಿಮೆ. ಕೊನೆಗೆ ಕೇರಿಯವರೇ ಟಾಂಗಾ ಬಾಡಿಗೆಗೆ ಪಡೆದು ತಮ್ಮಲ್ಲೇ ಒಬ್ಬನನ್ನು ಓಡಿಸಲು ಕೂರಿಸಿದರು. ಅವನಿಗೆ ಅಭ್ಯಾಸ ಇರಲಿಲ್ಲ. ಟಾಂಗಾ ಮಗುಚಿತು, ಅಂಬೇಡ್ಕರ್ ಕಾಲಿಗೆ ಪೆಟ್ಟಾಯಿತು. ಇದನ್ನು ಅವರೇ ಬರೆದಿದ್ದಾರೆ. ತಮ್ಮ ನಾಯಕ ನಡೆದು ಬರುವುದು ಬೇಡ ಅಂತ ಕೇರಿಯವರ ಮರ್ಯಾದೆ, ಓಡಿಸುವುದಿಲ್ಲ ಅಂತ ಟಾಂಗಾದವನ ಮರ್ಯಾದೆ. ಎರಡು ಮರ್ಯಾದೆಗಳ ನಡುವೆ ಕಾಲು ಮುರಿದದ್ದು ಅವರದ್ದು.

ರೈಲು ಬಂದಾಗ ಬ್ರಿಟಿಷರಲ್ಲೇ ಅನುಮಾನ ಇದ್ದವರಿದ್ದರು. ಜಾತಿ ನೋಡುವ ಈ ಜನ ಒಂದೇ ಡಬ್ಬಿಯಲ್ಲಿ ಮೈಗೆ ಮೈ ತಾಗಿಸಿ ಕೂರುತ್ತಾರಾ ಅಂತ. 1853ರಲ್ಲಿ ಮುಂಬಯಿ–ಠಾಣೆ ಗಾಡಿ ಓಡಿತು, ಮೂರನೇ ದರ್ಜೆ ತುಂಬಿ ತುಳುಕಿತು. ಮಡಿ ಮನೆಯಲ್ಲಿ, ರೈಲಿನಲ್ಲಿ ರೈಲಿನ ನ್ಯಾಯ. ನಮ್ಮ ಜನ ಎಷ್ಟು ಬೇಗ ಮನಸ್ಸು ಹೊಂದಿಸಿಕೊಳ್ಳುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ಘಟ್ಟಕ್ಕೆ ಆ ಪರೀಕ್ಷೆ ಬರಲೇ ಇಲ್ಲ. ರೈಲು ಸಿದ್ದಾಪುರದ ಹತ್ತಿರದ ತಾಳಗುಪ್ಪಕ್ಕೆ 1940ರ ಹೊತ್ತಿಗೆ ಬಂದು ನಿಂತಿತು, ಇವತ್ತಿಗೂ ಅಲ್ಲೇ ನಿಂತಿದೆ. ಯಲ್ಲಾಪುರದ ಮೇಲೆ ಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಿಂದ ಕಾಡು ಮತ್ತು ಕೋರ್ಟಿನ ನಡುವೆ ಸಿಕ್ಕಿಕೊಂಡಿದೆ. ಶಿರಸಿಗೆ ರೈಲೇ ಇಲ್ಲ. ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಸೋಂದೆ, ಬನವಾಸಿ ಕಡೆ ಬಂದಿದ್ದ. ಆಗ ಘಟ್ಟದ ಮೆಣಸು, ಅಡಿಕೆ ಇಳಿಯುತ್ತಿದ್ದುದು ಹೇರೆತ್ತಿನ ಬೆನ್ನ ಮೇಲೆ. ಆಮೇಲೆ ದೇವಿಮನೆ ಘಟ್ಟದಲ್ಲಿ ಗಾಡಿ ರಸ್ತೆ, ಕುಮಟಾ ಬಂದರಿಗೆ ಸಾಲುಗಾಡಿ. ಆಮೇಲೆ ಮೋಟಾರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಇಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಿದ ಕಾಲವನ್ನು ನಮ್ಮ ಹಿರಿಯರು ಕಥೆಯಾಗಿ ಹೇಳುತ್ತಿದ್ದರು: ಏರಿನಲ್ಲಿ ಎಲ್ಲರೂ ಇಳಿದು ತಳ್ಳಬೇಕು, ಆದರೂ ಬಸ್ಸಿನಲ್ಲಿ ಬಂದೆ ಅಂತ ಹೇಳಿಕೊಳ್ಳೋದೇ ಒಂದು ಗತ್ತು.

ಈ ಮಾತು ಗಮನಿಸಿ. ಆ ಕಾಲಕ್ಕೆ ಬಸ್ಸು ಗತ್ತು. ಬಸ್ಸಿನಲ್ಲಿ ಬರುವ ನೆಂಟ ದೊಡ್ಡ ನೆಂಟ. ಅದೇ ಬಸ್ಸು, ಅದೇ ರಸ್ತೆ, ಯಾವಾಗ ಅದು "ಗತಿ ಇಲ್ಲದೋರ ಗಾಡಿ" ಆಯ್ತು? ನನ್ನ ಕಣ್ಣೆದುರೇ ಆಯ್ತು. 1970, 80ರ ದಶಕದಲ್ಲಿ ಬಜಾಜ್ ಚೇತಕ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಕಾದು ಪಡೆದದ್ದರ ಬೆಲೆಯೇ ಬೇರೆ. ಆಮೇಲೆ ಲೂನಾ, ಎಂ80, ಅಡಿಕೆ ಮೂಟೆಗೆ ಜೀಪು, ಮಾರುತಿ ವ್ಯಾನು. ಈಗ ಅಂಗಳದಲ್ಲಿ ಕಾರು ಇಲ್ಲದಿದ್ದರೆ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಹಂತ. ಮೊದಲೇ ನಮ್ಮ ಅಡಿಕೆ ಸೀಮೆಯಲ್ಲಿ ಹಳ್ಳಿಯಲ್ಲಿ ಉಳಿದ ಹುಡುಗರಿಗೆ ಹೆಣ್ಣು ಸಿಗೋದು ಕಷ್ಟ. ಗುಡ್ನಾಪುರದಲ್ಲೇ ಒಬ್ಬ ಹುಡುಗ, ಹೊಸಾ ಬೈಕಿನ ಮೇಲೆ ಕೂತು ನಮ್ಮ ಶೂಟಿಂಗ್ ನೋಡ್ತಿದ್ದ. "ತಿಂಗಳ ಕಂತು ಎಷ್ಟಪ್ಪಾ?" ಅಂದೆ. ಹೇಳಿದ. "ಬಸ್ಸಲ್ಲಿ ಹೋದ್ರೆ ಅದರ ಕಾಲುಭಾಗ ಸಾಕಲ್ವಾ?" ಅಂದೆ. ನಕ್ಕ. "ಸರ್, ಹೆಣ್ಣು ನೋಡೋಕೆ ಬಸ್ಸಲ್ಲಿ ಹೋಗಿ ಇಳೀಲಾ?"

ಅವನ ಲೆಕ್ಕ ತಪ್ಪು ಅಂತ ಹೇಳೋ ಧೈರ್ಯ ನನಗಿಲ್ಲ.

ಇನ್ನು ಭಯ. ಘಟ್ಟದ ತಿರುವಿನಲ್ಲಿ ಬಸ್ಸಿನಲ್ಲಿ ಕೂತವರು ಕಣ್ಣು ಮುಚ್ಚಿ ದೇವರ ಹೆಸರು ಹೇಳ್ತಾರೆ. ಅದೇ ಜನ ಅದೇ ತಿರುವಿನಲ್ಲಿ ಬೈಕ್ ಓಡಿಸುವಾಗ ಫೋನಿನಲ್ಲಿ ಮಾತಾಡ್ತಾರೆ. ಹ್ಯಾಂಡಲ್ ನನ್ನ ಕೈಯಲ್ಲಿದೆ ಅಂದ ಕೂಡಲೇ ಸಾವು ದೂರ ಹೋದ ಹಾಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರದವರು. ಇದು ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ. ಆದರೆ ಬಸ್ಸು ಪ್ರಪಾತಕ್ಕೆ ಉರುಳಿದರೆ ನಾವು ಮೂರು ದಿನ ತೋರಿಸ್ತೀವಿ. ಬೈಕಿನವನು ಸತ್ತರೆ ಕೆಳಗೆ ಓಡುವ ಒಂದು ಸಾಲು. ಭಯವನ್ನು ತಪ್ಪು ವಿಳಾಸಕ್ಕೆ ಕಳಿಸೋದರಲ್ಲಿ ನಮ್ಮ ಉದ್ಯೋಗದ ಪಾಲೂ ಇದೆ, ಒಪ್ಪಿಕೊಳ್ತೀನಿ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿ ಆದ ಮೇಲೆ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಗೆರ್ಡ್ ಗಿಗೆರೆನ್ಸರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಲೆಕ್ಕ ಹಾಕಿದ: ಹಾಗೆ ಕಾರು ಹತ್ತಿದ್ದರಿಂದ ಒಂದು ವರ್ಷದಲ್ಲಿ ಸುಮಾರು 1500 ಜನ ಹೆಚ್ಚಿಗೆ ರಸ್ತೆಯಲ್ಲಿ ಸತ್ತರು. ಸುರಕ್ಷಿತ ಅಂತ ಹೋಗಿ ಸತ್ತವರು.

ಕಾಯುವ ವಿಷಯವೂ ಹಾಗೇ. ಬಸ್ಸಿನಲ್ಲಿ ಕೂತು ಕಳೆದ ಇಪ್ಪತ್ತು ನಿಮಿಷ ಇಪ್ಪತ್ತೇ ನಿಮಿಷ. ಸ್ಟಾಪಿನಲ್ಲಿ ನಿಂತು ಕಳೆದ ಇಪ್ಪತ್ತು, ಅದೂ ಬಸ್ಸು ಬರುತ್ತೋ ಇಲ್ವೋ ಗೊತ್ತಿಲ್ಲದೆ ಕಳೆದದ್ದು, ಒಂದು ಗಂಟೆ. ಬರುವುದು ಖಾತ್ರಿ ಇಲ್ಲದ ಕಾಯುವಿಕೆ ಉದ್ದವಾಗುತ್ತದೆ ಅಂತ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದ. ಮಳೆಗಾಲದಲ್ಲಿ ಕೊಡೆ ಹಿಡಿದು ನಿಂತ ನಮ್ಮ ಘಟ್ಟದ ಯಾವ ಹೆಂಗಸಿಗೂ ಇದನ್ನು ಅವನು ಹೇಳಿಕೊಡಬೇಕಾಗಿಲ್ಲ.

ಈಗ ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು. ಹೇಳದೆ ಇದನ್ನು ಬರೆದರೆ ಕಳ್ಳತನ ಆಗುತ್ತೆ.

ನಮ್ಮೂರು ಸಿದ್ದಾಪುರದ ಕಡೆ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ರಿಟೈರ್ ಆದ ಮೇಲೂ ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ಶಿರಸಿಗೆ ಹೋಗೋರು. ಏನು ಕೆಲಸ? ಒಂದು ಪೇಪರು, ಒಂದು ಕಟ್ಟು ಎಲೆ, ಸೊಸೈಟಿಯಲ್ಲಿ ಅಡಿಕೆ ರೇಟು ಕೇಳೋದು. ನನಗೆ ಟಿವಿಯಲ್ಲಿ ಹೆಸರು ಬಂತು. ಒಂದು ದೀಪಾವಳಿಗೆ ಊರಿಗೆ ಹೋದಾಗ ಯಾರೋ ಹೇಳಿದರು: "ನಿಮ್ಮಪ್ಪ ಮೊನ್ನೆ ಬಸ್ಸಲ್ಲಿ ನಿಂತ್ಕೊಂಡೇ ಬಂದ್ರು ಮಾರಾಯ್ರೆ, ಸೀಟೇ ಇರಲಿಲ್ಲ." ನನಗೆ ಅವಮಾನ ಆಯ್ತು. ಅಪ್ಪನಿಗೆ ಅಲ್ಲ, ನನಗೆ. ಬೆಂಗಳೂರಿಗೆ ಬಂದವನೇ ಒಂದು ಕಾರು ಕಳಿಸಿದೆ, ಓಡಿಸೋಕೆ ಪಕ್ಕದ ಮನೆ ಹುಡುಗನನ್ನು ಗೊತ್ತು ಮಾಡಿದೆ. "ಇನ್ನು ಬಸ್ಸು ಹತ್ತಬೇಡಿ ಅಪ್ಪ, ನನ್ನ ಮರ್ಯಾದೆ ಏನು?" ಅಂದೆ. ಅಪ್ಪ ಹ್ಞೂಂ ಅಂದರು.

ಆಮೇಲೆ ಅವರು ಶಿರಸಿಗೆ ಹೋಗೋದನ್ನೇ ಬಿಟ್ಟರು. ಕೇಳಿದರೆ ಮಂಡಿನೋವು ಅಂದರು. ಕಾರು ಅಂಗಳದಲ್ಲಿ ಅಡಿಕೆ ಒಣಗಿಸೋಕೆ ಅಡ್ಡ ಆಯ್ತು ಅಂತ ಅಮ್ಮ ಗೊಣಗಿದರು. ನಿಜ ಸಂಗತಿ ಗೊತ್ತಾದದ್ದು ಅಪ್ಪ ಹೋದ ಮೇಲೆ, ಹದಿಮೂರನೇ ದಿನ. ಊಟಕ್ಕೆ ಬಂದ ಒಬ್ಬ ಕಂಡಕ್ಟರ್, ಅವರೂ ರಿಟೈರ್ ಆಗಿದ್ದರು, ನನ್ನ ಕೈ ಹಿಡಿದು ಹೇಳಿದರು: "ಮೇಷ್ಟ್ರು ಬಸ್ಸು ಬಿಟ್ಟ ಮೇಲೆ ನಮಗೆ ಬೆಳಗಿನ ಟ್ರಿಪ್ಪೇ ಬೇಜಾರು. ಹತ್ತಿದೋರಲ್ಲಿ ಅರ್ಧ ಜನ ಅವರ ಶಿಷ್ಯಂದಿರೇ ಅಲ್ವಾ. ಎಲ್ಲರ ಮನೆ ಸುದ್ದಿ ಆ ಒಂದು ಗಂಟೆಯಲ್ಲಿ ಆಗ್ತಿತ್ತು."

ಅಪ್ಪ ಶಿರಸಿಗೆ ಹೋಗುತ್ತಿರಲೇ ಇಲ್ಲ. ಬಸ್ಸಿಗೆ ಹೋಗುತ್ತಿದ್ದರು. ನಾನು ಅವರಿಗೆ ಕಾರು ಕೊಟ್ಟು ಆ ಬಸ್ಸು ಕಿತ್ತುಕೊಂಡೆ. ಮಂಡಿನೋವು ಅನ್ನೋ ಸುಳ್ಳು ಕೂಡ ನನ್ನ ಮರ್ಯಾದೆ ಉಳಿಸೋಕೆ.

ಇದನ್ನೆಲ್ಲ ಆವತ್ತು ಕೆರೆ ದಂಡೆಯ ಮೇಲೆ ನಿಂತು ಯೋಚನೆ ಮಾಡಿದೆ. ಶೂಟಿಂಗ್ ಮುಗಿದರೂ ಬಸ್ಸು ಬಂದಿರಲಿಲ್ಲ. ಅಜ್ಜಿ ಅಲ್ಲೇ ಇದ್ದಳು. ಈ ಸಲ ನಾನೇ ಹೋಗಿ ಕೇಳಿದೆ, ಎಲ್ಲಿಗೆ ಹೊರಟಿದ್ದೀರಿ ಅಂತ.

"ಬನವಾಸಿಗೆ. ಅಲ್ಲಿಂದ ಶಿರಸಿಗೆ. ಮಾರಿಕಾಂಬೆಗೆ ಕೈ ಮುಗಿದು, ಅಲ್ಲೇ ತಂಗಿ ಮನೇಲಿ ಉಂಡು, ಸಂಜಿಗೆ ವಾಪಸ್ಸು."

"ಮೊದಲೂ ಹೋಗ್ತಿದ್ರಾ?"

"ಮೊದ್ಲು ಮಗನ ಹತ್ರ ದುಡ್ಡು ಕೇಳ್ಬೇಕಿತ್ತು. ಕೇಳಿದ್ರೆ ಇಲ್ಲ ಅಂತಿರಲಿಲ್ಲ ಅವ್ನು, ಒಳ್ಳೇವ್ನೇ. ಎಂತಕ್ಕೆ ಅಂತ ಕೇಳ್ತಿದ್ದ. ತಂಗಿ ನೋಡೋಕೆ ಅಂತ ಎಷ್ಟು ಸಲ ಹೇಳೂದು? ನಾಚಿಕೆ ಆಗ್ತಿತ್ತು. ಈಗ ಎಂತಕ್ಕೆ ಅಂತ ಕೇಳೋರಿಲ್ಲ."

ನಾನು ಸ್ಟುಡಿಯೋದಲ್ಲಿ ಟಿಕೆಟಿನ ರೇಟು ಲೆಕ್ಕ ಹಾಕಿದ್ದೆ. ಆ "ಎಂತಕ್ಕೆ" ಅನ್ನೋದರ ರೇಟು ಹಾಕಿರಲಿಲ್ಲ. 2025ರ ಜುಲೈನಲ್ಲಿ ಸರ್ಕಾರ 500 ಕೋಟಿಯ ಶೂನ್ಯ ಟಿಕೆಟ್ ಕೊಟ್ಟು ಸಂಭ್ರಮ ಮಾಡಿತು. ಅದರಲ್ಲಿ ಎಷ್ಟು ಕೋಟಿ ಸಲ ಒಬ್ಬ ಹೆಂಗಸು ಯಾರಿಗೂ ಕಾರಣ ಹೇಳದೆ ಮನೆ ಬಾಗಿಲು ದಾಟಿದಳು ಅನ್ನುವ ಕಾಲಂ ಯಾವ ಇಲಾಖೆಯ ಪುಸ್ತಕದಲ್ಲೂ ಇಲ್ಲ.

ಹಾಗಂತ ನಾನು ಯೋಜನೆಯ ವಕಾಲತ್ತು ವಹಿಸ್ತಿಲ್ಲ. ಹಳ್ಳಿ ಟ್ರಿಪ್ಪು ಕಡಿಮೆ ಇದ್ದರೆ ಬಸ್ಸು ಪುಕ್ಕಟೆ ಆದರೂ ಕಾಯೋದು ಪುಕ್ಕಟೆ ಅಲ್ಲ. ಪುಕ್ಕಟೆ ಮಾಡಿದರೆ ಕಾರಿನವರು ಇಳಿದು ಬರ್ತಾರೆ ಅನ್ನೋದೂ ಭ್ರಮೆ. ಎಸ್ಟೋನಿಯಾ ದೇಶದ ಟ್ಯಾಲಿನ್ ನಗರದಲ್ಲಿ 2013ರಿಂದ ಊರಿನವರಿಗೆಲ್ಲ ಬಸ್ಸು, ಟ್ರಾಮು ಉಚಿತ. ಅಲ್ಲಿ ಹೆಚ್ಚಾಗಿ ಬಸ್ಸು ಹತ್ತಿದವರು ಮೊದಲು ನಡೆಯುತ್ತಿದ್ದವರು. ಕಾರಿನವರು ಬಹುಪಾಲು ಕಾರಲ್ಲೇ ಉಳಿದರು. ನಮ್ಮಲ್ಲಿ ಇನ್ನೊಂದು ತಮಾಷೆ. ಶಕ್ತಿ ಯೋಜನೆಯ ಆದೇಶದಲ್ಲಿ, ಬೆಂಗಳೂರಿನ ಬಿಎಂಟಿಸಿ ಬಿಟ್ಟು, ಉಳಿದ ನಿಗಮಗಳ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಅಂತ ಬರೆದಿದ್ದಾರೆ. ಗಂಡಸರಿಗೆ ಮೀಸಲಾತಿ! ಆದರೂ ಗಂಡಸರು ಹಿಂದೆ ಸರಿದು ನಿಂತಿದ್ದನ್ನು ನಾನು ಬೇರೆ ಬೇರೆ ಸ್ಟಾಪಿನಲ್ಲಿ ನೋಡಿದ್ದೇನೆ. "ಅದು ಹೆಂಗಸರ ಬಸ್ಸು" ಅಂತ ಒಬ್ಬರು ಹೇಳಿದರು. ಒಂದು ಕಾಲಕ್ಕೆ ಗತ್ತಾಗಿದ್ದ ಬಸ್ಸು ಮೊದಲು ಬಡವರದ್ದಾಯಿತು, ಈಗ ಹೆಂಗಸರದ್ದಾಯಿತು. ತಗಡು, ಚಕ್ರ, ರಸ್ತೆ ಯಾವುದೂ ಬದಲಾಗಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಅಜ್ಜಿ ಹತ್ತಿದಳು. ನನಗೇನನ್ನಿಸಿತೋ, ಡ್ರೈವರಿಗೆ ಕೈ ಮಾಡಿ ಕಾರು ಬನವಾಸಿಗೆ ತಗೊಂಡು ಬಾ ಅಂದೆ, ನಾನೂ ಹತ್ತಿದೆ. ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಅಜ್ಜಿಗೆ ಶೂನ್ಯ ಟಿಕೆಟ್ ಹರಿದುಕೊಟ್ಟ. ಅವಳು ಅದನ್ನು ಮಡಚಿ ಚೀಲದ ಒಳಜೇಬಿಗೆ ಹಾಕಿದಳು. ಆಮೇಲೆ ಅವನು ನನ್ನ ಹತ್ತಿರ ಬಂದ, ಗುರುತು ಹಿಡಿದ, ಕಿಟಕಿಯಿಂದ ಹಿಂದೆ ಬರುತ್ತಿದ್ದ ನಮ್ಮ ಕಾರನ್ನು ಬಗ್ಗಿ ನೋಡಿದ. ಮುಖದಲ್ಲಿ ನಿಜವಾದ ಕಳವಳ.

"ಎಂತಾಯ್ತು ಸರ್? ಕಾರು ಕೆಟ್ಟೋಯ್ತಾ?"